ಬಚ್ಚಲ ಒಲಿ, ಬಂಬ್, ಗೀಸರ್: ನಮ್ಮ ಮನಿ ಬಿಸಿನೀರಿನ ಕತಿ

ಹೋದ ಐತವಾರ ನಮ್ಮ ಹುಬ್ಬಳ್ಳಿ ಮನಿ ಅಟ್ಟಾ ಸ್ವಚ್ಛ ಮಾಡಾಕ ಹತ್ತಿದ್ವಿ. ದೀಪಾವಳಿ ಹತ್ರ ಬಂತಲ್ಲಾ, ವರ್ಷಕ್ಕೊಮ್ಮೆ ಇದ್ದದ್ದ. ಧೂಳದಾಗಿಂದ ಎರಡು ದೊಡ್ಡ ಸಾಮಾನು ಕೆಳಗಿಳದ್ವು. ಒಂದು, ಧಾರವಾಡದ ನನ್ನ ತವರಮನಿಯಿಂದ ಬಂದ ತಾಮ್ರದ ಹಂಡೆ. ಇನ್ನೊಂದು, ನಮ್ಮ ಅತ್ತಿಯಾರ ಕಾಲದ ಬಂಬ್. ಎರಡಕ್ಕೂ ಹಸರ ಕಿಲುಬು ಹತ್ತಿತ್ತು. ನನ್ನ ನೆಗೆಣ್ಣಿ ಸೆರಗಿಲೆ ಮೂಗು ಮುಚ್ಚಿಕೊಂಡು, "ಅಕ್ಕಾರ, ಇವನ್ನ ಮೋಡಕಾಕ್ಕ ಹಾಕಿ ಬಿಡೂಣೇನ್ರಿ? ತಾಮ್ರಕ್ಕ ಈಗ ಚೊಲೊ ರೇಟ್ ಐತಂತ" ಅಂದ್ಲು. ಮೋಡಕಾದಾಂವ ಓಣ್ಯಾಗ ಕೂಗಕೋತ ಹೊಂಟಿದ್ದ. ನಾ ಹೂಂ ಅನ್ನಲಿಲ್ಲ, ಊಹೂಂ ಅಂತನೂ ಅನ್ನಲಿಲ್ಲ. "ಹಬ್ಬ ಆಗಲಿ ತಡಿಯವಾ, ಆಮ್ಯಾಲ ನೋಡೂಣ" ಅಂದೆ.

ಆ ರಾತ್ರಿ ನಿದ್ದಿ ಹತ್ತಲಿಲ್ಲ. ನನ್ನ ಬಾಳೇವು ಪೂರ್ತಿ ನೀರು ಕಾಸೂದ್ರಾಗ ಹೋಗೇತಿ ಅಂದ್ರ ನಗಬ್ಯಾಡ್ರಿ. ನಿಮ್ಮದೂ ಹಂಗ ಹೋಗೇತಿ. ಅಡಗಿ ಬಗ್ಗೆ ನಾವು ಎಷ್ಟು ಮಾತಾಡತೇವಿ, ರೊಟ್ಟಿ, ಪಲ್ಯಾ, ಹೋಳಿಗಿ ಎಲ್ಲಾಕ್ಕೂ ಒಂದೊಂದು ಕತಿ ಐತಿ. ಜಳಕದ ನೀರಿನ ಬಗ್ಗೆ ಯಾರೂ ಮಾತಾಡೂದಿಲ್ಲ. ಆದ್ರ ಮನ್ಯಾಗ ದಿನದ ಮೊದಲನೇ ಬೆಂಕಿ ಹತ್ತೂದು ಅಡಗಿ ಒಲ್ಯಾಗ ಅಲ್ಲ, ಬಚ್ಚಲ ಒಲ್ಯಾಗ. ಅದನ್ನ ಯಾರು ಹಚ್ಚತಿದ್ರು, ಆ ನೀರು ಯಾರಿಗೆ ಮೊದಲು ಸಿಗತಿತ್ತು, ಯಾರಿಗೆ ಕಡೀಗೆ ಸಿಗತಿತ್ತು, ಇಷ್ಟನ್ನ ಇವತ್ತ ಬರೀಬೇಕಂತ ಕುಂತೇನಿ. ನನಗ ಗೊತ್ತಿದ್ದ ಮೂರು ಮನಿ ಕತಿ, ಅದರ ಜೋಡಿ ಸ್ವಲ್ಪ ಓದಿ ತಿಳಕೊಂಡದ್ದು.

ಮೊದಲು ಧಾರವಾಡ. ನಮ್ಮ ಧಾರವಾಡ ಮಲೆನಾಡಿನ ಸೆರಗಿನ್ಯಾಗ ಇರೋ ಊರು, ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಹೆಚ್ಚು ಎತ್ತರ. ಜೂನ್ ಹೊತ್ತಿಗೆ ಹಿಡದ ಜಿಟಿಜಿಟಿ ಮಳಿ ಬಿಡೂದ ಇಲ್ಲ. ಅರಿವಿ ಒಣಗಂಗಿಲ್ಲ, ಮಣ್ಣಿನ ಗ್ವಾಡಿ ತಂಪು ಹಿಡಿತಾವ, ಹಾಸಿಗಿ ಒಳಗೂ ಥಂಡಿ. ಮುಂದ ಡಿಸೆಂಬರದಾಗ ಮುಂಜಾನಿ ಚಳಿ ಬ್ಯಾರೆ. ಹಿಂಗಿದ್ರೂ ಮನಿ ಬೆಚ್ಚಗ ಇಡಾಕ ನಮ್ಮಲ್ಲೆ ಯಾವ ವ್ಯವಸ್ಥಾನೂ ಇರಲಿಲ್ಲ. ಇದ್ದದ್ದು ಬಚ್ಚಲ ಒಲಿ ಒಂದ.

ನಮ್ಮ ತವರಮನ್ಯಾಗ ಬಚ್ಚಲಮನಿ ಹಿತ್ತಲದ ಕಡೆ ಇತ್ತು. ಕಲ್ಲು ಹಾಸಿದ ನೆಲ, ಮೂಲ್ಯಾಗ ಮಣ್ಣಿನ ಒಲಿ, ಒಲಿ ಮ್ಯಾಲ ಕುತಗಿ ಮಟಾ ಹುಗದ ತಾಮ್ರದ ಹಂಡೆ. ಒಂದ ಸಲ ಕೂಡಿಸಿದ್ರ ಹಂಡೆ ಅಲ್ಲಿಂದ ಏಳತಿದ್ದದ್ದು ದೀಪಾವಳಿಗೆ ಅಷ್ಟ. ಅದರಾಗ ಆರೇಳು ಕೊಡ ನೀರು ಹಿಡಿತಿತ್ತು. ಮ್ಯಾಲ ಹೊಗಿ ಹೋಗಾಕ ಒಂದು ಗವಾಕ್ಷಿ. ಆ ಬಚ್ಚಲ ಗ್ವಾಡಿಯ ಈಚೆ ಕಡೆ ನಮ್ಮ ಆಯಿ ಹಾಸಿಗಿ. ಮುಂಜಾನಿ ಹಚ್ಚಿದ ಒಲಿ ಹತ್ತು ಗಂಟೆಕ್ಕ ಆರತಿತ್ತು, ಆದ್ರ ಹಂಡೆದಾಗಿನ ನೀರು ಮತ್ತ ಆ ಗ್ವಾಡಿ ಸಂಜಿ ಮಟಾ ಬೆಚ್ಚಗ ಇರತಿದ್ವು. ಮಳಿಗಾಲದಾಗ ನಾವು ಹುಡುಗ್ರು ಸಾಲಿಯಿಂದ ತೊಯ್ಸಿಕೊಂಡು ಬಂದು ಆಯಿ ಬಾಜೂಕ ಆ ಗ್ವಾಡಿಗೆ ಬೆನ್ನ ಹಚ್ಚಿ ಕುಂಡ್ರತಿದ್ವಿ. ಒಣಗದ ಅರಿವಿ, ಕೂಸಿನ ಲಂಗೋಟಿ ಎಲ್ಲಾ ಒಲಿ ಮ್ಯಾಲ ಕಟ್ಟಿದ ಹಗ್ಗದ ಮ್ಯಾಲ.

ನೀರು ಅಷ್ಟೊತ್ತು ಹೆಂಗ ಬೆಚ್ಚಗ ಇರತೈತಿ ಅನ್ನೋದು ಆವಾಗ ಗೊತ್ತಿರಲಿಲ್ಲ. ಆಮ್ಯಾಲ ಎಂಜಿನಿಯರಿಂಗ್ ಓದೋ ನನ್ನ ಮಗಾ ಹೇಳಿದ. ಶಾಖ ಹಿಡಕೊಳ್ಳೋದ್ರಾಗ ನೀರಿನ ಸರಿಸಮ ಬರೋ ಸಾಮಾನು ಭಾಳ ಕಡಿಮಿ ಅಂತ. ಒಂದ ಕಿಲೋ ನೀರನ್ನ ಬಿಸಿ ಮಾಡೋ ಶಾಖದಾಗ ಸುಮಾರು 11 ಕಿಲೋ ತಾಮ್ರ ಅಷ್ಟ ಬಿಸಿ ಆಗತೈತಂತ. ಬಿಸಿ ಆಗಾಕ ಹೊತ್ತ ಹಿಡಿತೈತಿ, ಆರಾಕೂ ಹೊತ್ತ ಹಿಡಿತೈತಿ. ನಮ್ಮ ಆಯಿಗೆ ಈ ಲೆಕ್ಕ ಬರತಿರಲಿಲ್ಲ, ಆದ್ರ ಹಾಸಿಗಿ ಎಲ್ಲಿ ಹಾಸಬೇಕು ಅನ್ನೋದು ಬರತಿತ್ತು.

ಆ ಒಲಿ ಹಚ್ಚತಿದ್ದಾಕಿ ನಮ್ಮವ್ವ. ನಾಕ ಗಂಟೆಕ್ಕ ಏಳತಿದ್ಲು. ಹಿಂದಿನ ದಿನದ ಬೂದಿ ತಗದು, ಕುಳ್ಳು ಮುರದಿಟ್ಟು, ಮ್ಯಾಲ ಹತ್ತಿಕಟಗಿ ಹೇರಿ, ಸ್ವಲ್ಪ ಚಿಮಣಿ ಎಣ್ಣಿ ಸುರಿವಿ ಕಡ್ಡಿ ಗೀರತಿದ್ಲು. ಮಳಿಗಾಲದಾಗ ಕಟಗಿ ಹಸಿ ಇದ್ರ ಊದುಗೊಳವಿ ಹಿಡದು ಊದಿ ಊದಿ ಕಣ್ಣು ಕೆಂಪ ಆಗತಿದ್ವು. ಬಾವಿಯಿಂದ ನೀರು ಸೇದಿ ಹಂಡೆ ತುಂಬಸೂದೂ ಆಕೀದ ಕೆಲಸ. ಆರು ಗಂಟೆಕ್ಕ ನೀರು ಹದಾ ಬರತಿತ್ತು. ಆಮ್ಯಾಲ ಜಳಕದ ಪಾಳಿ. ಮೊದಲು ಮುತ್ಯಾ, ಪೂಜಾಕ್ಕ ಕುಂಡ್ರಬೇಕಲ್ಲಾ. ಆಮ್ಯಾಲ ಅಪ್ಪ, ಕಾಕಾ, ಅವರು ಕೆಲಸಕ್ಕ ಹೋಗೋರು. ಮುಂದ ಸಾಲಿಗೆ ಹೋಗೋ ನಾವು, ಅದರಾಗೂ ಮೊದಲು ಗಂಡ ಹುಡುಗ್ರು. ಆಮ್ಯಾಲ ಆಯಿ, ಕಾಕು. ಎಲ್ಲಾರದೂ ಮುಗದ ಮ್ಯಾಲ, ಹಂಡೆ ತಳದಾಗ ಉಳದ ನೀರಿಗೆ ಒಂದ ಕೊಡ ತಣ್ಣೀರು ಸುರಿವಿಕೊಂಡು ಅವ್ವಂದು. ಅಷ್ಟೊತ್ತಿಗೆ ಕೆಂಡನೂ ಬೂದಿ ಆಗಿರತಿತ್ತು. ನೀರು ಕಾಸಿದಾಕಿಗೆ ಬಿಸಿನೀರು ಇಲ್ಲ. ಇದು ಯಾರೂ ಮಾಡಿದ ಕಾಯ್ದೆ ಅಲ್ಲ, ಹಂಗ ನಡಕೋತ ಬಂದಿತ್ತು. ಆಕಿನೂ ಒಂದ ದಿನ ಬಾಯಿ ತಗದು ಅಂದಾಕಿ ಅಲ್ಲ.

ಮೊನ್ನೆ ಮಗನ್ನ ಕೂಡಿಸಿಕೊಂಡು ಒಂದ ಲೆಕ್ಕ ಹಾಕಿಸಿದೆ. 100 ಲೀಟರ್ ನೀರನ್ನ 30 ಡಿಗ್ರಿಯಷ್ಟು ಬಿಸಿ ಮಾಡಾಕ ಸುಮಾರು ಮೂರೂವರಿ ಯುನಿಟ್ ಕರೆಂಟಿನಷ್ಟು ಶಾಖ ಬೇಕು. ಒಣಾ ಕಟಗಿ ಒಂದ ಕಿಲೋದಾಗ ಹತ್ರಹತ್ರ ನಾಕ ಯುನಿಟ್ಟಿನಷ್ಟು ಶಾಖ ಇರತೈತಿ. ಹಂಗಾದ್ರ ಒಂದ ಕಿಲೋ ಕಟಗಿ ಸಾಕಲ್ಲಾ ಅಂತ ನೀವು ಅಂತೀರಿ. ಸಾಕಾಗಂಗಿಲ್ಲ. ತೆರದ ಒಲ್ಯಾಗ ಹತ್ತಿದ ಬೆಂಕಿದಾಗ ನೂರಕ್ಕ ಹತ್ತರಷ್ಟು ಶಾಖ ನೀರಿಗೆ ಮುಟ್ಟಿದ್ರ ದೊಡ್ಡದು, ಉಳದದ್ದು ಗ್ವಾಡಿಗೆ, ಗಾಳಿಗೆ, ಹೊಗಿಗೆ. ಅಂದ್ರ ದಿನಕ್ಕ ಎಂಟ್-ಒಂಬತ್ತ ಕಿಲೋ ಕಟಗಿ. ವರ್ಷಕ್ಕ ಮೂರು ಟನ್ನಿನ ಮ್ಯಾಲ! ಒಂದ ಮನಿ ಜಳಕಕ್ಕ. ಅಷ್ಟನ್ನೂ ಒಬ್ಬಾಕಿ ಕೈ ಮುರದು, ಹೊತ್ತು, ಒಳಗ ಇಟ್ಟು, ಬೂದಿ ತಗದು ಚೆಲ್ಲೇತಿ.

ಇದು ನಮ್ಮ ಮನಿ ಮಾತಷ್ಟ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗ 1974ರಾಗ ಅಮೂಲ್ಯ ರೆಡ್ಡಿ ಅನ್ನೋ ವಿಜ್ಞಾನಿ 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದ್ರು, ಹಳ್ಳಿ ಜನರ ಕೆಲಸಕ್ಕ ವಿಜ್ಞಾನ ಹಚ್ಚಬೇಕಂತ. ಅವರು ತುಮಕೂರು ಜಿಲ್ಲಾದ ಪುರಾ ಅನ್ನೋ ಹಳ್ಳಿಯೊಳಗ ಮನಿಮನಿಗೆ ಹೋಗಿ, ಯಾವ ಕೆಲಸಕ್ಕ ಎಷ್ಟು ಉರುವಲಾ ಹೋಗತೈತಿ ಅಂತ ಅಳದ್ರು. ಹಳ್ಳಿಯೊಳಗ ಖರ್ಚಾಗೋ ಶಕ್ತಿಯ ದೊಡ್ಡ ಪಾಲು ಪಂಪ್‌ಸೆಟ್ಟಿಗೂ ಅಲ್ಲ, ದೀಪಕ್ಕೂ ಅಲ್ಲ, ಮನಿ ಒಳಗಿನ ಒಲಿಗೆ ಅಂತ ಕಂಡುಬಂತು. ಅಡಗಿ ಒಲಿ, ಜಳಕದ ಒಲಿ. ಆ ಕಟಗಿ ಹೊತ್ತು ತರೋರ್ರಾಗ ಹೆಂಗಸರು, ಹುಡುಗ್ರ ಹೆಚ್ಚು. ಕಡಿಮಿ ಕಟಗಿಯೊಳಗ, ಕಡಿಮಿ ಹೊಗಿಯೊಳಗ ಉರಿಯೋ 'ಅಸ್ತ್ರ ಒಲಿ' ಬಂದದ್ದು ಈ ಕೆಲಸದಿಂದ. ನಮ್ಮವ್ವನ ನಾಕ ಗಂಟೆ ಮುಂಜಾನಿನ ಯಾರೋ ಲೆಕ್ಕಕ್ಕ ಹಿಡದ್ರು ಅಂತ ಓದಿ ನನಗ ಸಮಾಧಾನ ಆತು.

ಹಂಡೆಗೆ ವರ್ಷದಾಗ ಒಂದ ದಿನ ಮರ್ಯಾದಿ ಇತ್ತು, ನೀರು ತುಂಬೋ ಹಬ್ಬ. ನರಕ ಚತುರ್ದಶಿ ಹಿಂದಿನ ದಿನ ಹಂಡೆ ಎಬ್ಬಿಸಿ, ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕಿ, ಬಂಗಾರಧಂಗ ಮಾಡತಿದ್ವಿ. ಬಚ್ಚಲಕ್ಕ ಸುಣ್ಣ ಕೆಮ್ಮಣ್ಣು ಬರದು, ಹಂಡೆ ಕೊರಳಿಗೆ ಮಾಲಿಂಗನ ಬಳ್ಳಿ ಸುತ್ತಿ, ಹೊಸಾ ನೀರು ತುಂಬಿ ಪೂಜಾ ಮಾಡತಿದ್ವಿ. ಮರುದಿನ ನಸಕಿನ್ಯಾಗ ಎಣ್ಣಿ ಹಚ್ಚಿಕೊಂಡು ಎಲ್ಲಾರೂ ಎರಕೊಳ್ಳೋದು. ಆವತ್ತ ಸುಡು ಸುಡು ನೀರು. ಆವತ್ತೂ ಅವ್ವಂದು ಕಡೀಕ ಅನ್ನೂದು ಬ್ಯಾರೆ ಮಾತು.

ಇನ್ನೊಂದ ಸಲ ಹಂಡೆ ಹೆಂಗಸರಿಗೆ ಮೊದಲು ಸಿಗತಿತ್ತು, ಬಾಣಂತನದಾಗ. ಬಾಣಂತಿಗೆ, ಕೂಸಿಗೆ ದಿನಾ ಬಿಸಿ ಬಿಸಿ ನೀರು. ನೀರು ಹಾಕಿದ ಮ್ಯಾಲ ಬಚ್ಚಲ ಒಲಿ ಕೆಂಡ ಶೇಗಡಿಯೊಳಗ ತುಂಬಿ ಬಾಣಂತಿ ಖೋಲಿಗೆ ಒಯ್ಯತಿದ್ರು, ಹೊರಸಿನ ಬಾಜೂಕ ಇಡತಿದ್ರು. ಆವಾಗ ನಮ್ಮ ಆಯಿ ಒಂದ ಮಾತು ತಪ್ಪದ ಹೇಳತಿದ್ಲು. "ಬಾಗಲಾ ಪೂರ್ತಿ ಹಾಕಬ್ಯಾಡ್ರೆವಾ, ಕೆಂಡ ಉಸರ ಕಟ್ಟತೈತಿ." ಚಳಿ ಬರತೈತಿ ಅಂದ್ರೂ ಕೇಳತಿರಲಿಲ್ಲ, ಬಾಗಲಾ ಒಂದ ಗೇಣು ತೆರದ ಇಡಸತಿದ್ಲು. ಈ ಮಾತು ನೆನಪಿಡ್ರಿ, ಮುಂದ ಮತ್ತ ಬರತೈತಿ.

1984ರಾಗ ನನ್ನ ಲಗ್ನ ಆಗಿ ಹುಬ್ಬಳ್ಳಿಗೆ ಬಂದೆ. ಇಲ್ಲೆ ಬಚ್ಚಲದಾಗ ಹಂಡೆ ಇರಲಿಲ್ಲ, ಬಂಬ್ ಇತ್ತು. ನೋಡಿರದವರಿಗೆ ಹೇಳತೇನಿ. ನಿಂತ ಡೋಲಿನಂಗ ಇರೋ ತಾಮ್ರದ ಭಾಂಡೆ, ನಡುವ ಒಂದು ಕೊಳವಿ, ಕೊಳವಿ ಕೆಳಗ ಜಾಳಿಗಿ. ಕೊಳವಿಯೊಳಗ ಮ್ಯಾಲಿಂದ ಚೂರು ಕಟಗಿ ಇದ್ದಲಿ ಹಾಕೋದು, ಸುತ್ತಲೂ ನೀರು. ಬೂದಿ ಜಾಳಿಗಿಯಿಂದ ಕೆಳಗ ಬೀಳತೈತಿ. ಬಾಜೂಕ ನಳ. ಹಂಡೆಗೆ ಬೆಂಕಿ ಹೊರಗಿಂದ ತಾಗತೈತಿ, ಬಂಬಿನ್ಯಾಗ ಬೆಂಕಿನ ನೀರಿನ ಹೊಟ್ಟಿಯೊಳಗ ಇರತೈತಿ. ಸುತ್ತಮುತ್ತ ನೀರ ಇರೋದ್ರಿಂದ ಶಾಖ ಹಾಳಾಗೂದು ಕಡಿಮಿ. ಹಂಡೆಗೆ ಒಂದ ಹೊರಿ ಕಟಗಿ ಬೇಕಾದಲ್ಲೆ ಬಂಬಿಗೆ ಒಂದ ಬುಟ್ಟಿ ಚೂರು ಸಾಕು. ರಶಿಯಾದವರು ಚಹಾಕ್ಕ ನೀರು ಕಾಸೋ ಸಮೊವಾರನೂ ಇದ ರೀತಿದು.

ಬಂಬ್ ಅನ್ನೋ ಹೆಸರೂ ದೂರದಿಂದ ಬಂದದ್ದು. ಪೋರ್ಚುಗೀಸರ ಮಾತಿನ್ಯಾಗ 'ಬೋಂಬಾ' ಅಂದ್ರ ನೀರೆತ್ತೋ ಪಂಪು. ಅದು ಮರಾಠಿಯೊಳಗ ಬಂಬ್ ಆತು, ಬೆಂಕಿ ಆರಸೋ ಗಾಡಿಗೂ ಅದ ಹೆಸರು, ನೀರು ಕಾಸೋ ಭಾಂಡೆಗೂ ಅದ ಹೆಸರು. ನಮ್ಮ ಜಿಲ್ಲಾ 1956ರ ತನಕ ಮುಂಬಯಿ ರಾಜ್ಯದಾಗ ಇತ್ತಲ್ಲಾ, ಹಿಂಗಾಗಿ ಪುಣೆ ಕಡೆ ಭಾಂಡೆನೂ ಬಂದ್ವು, ಹೆಸರೂ ಬಂದ್ವು. ಪುಣೆಯೊಳಗ ತಾಂಬಟ್ ಆಳಿ ಅಂತ ತಾಮ್ರ ಬಡಿಯೋರ ಓಣಿನ ಐತಿ. ನಮ್ಮ ಹುಬ್ಬಳ್ಳಿಯೊಳಗೂ ಕಂಚಗಾರ ಗಲ್ಲಿ ಐತಿ. ನಮ್ಮ ಅತ್ತಿಯಾರು ಬಂಬಿಗೆ ಕಲಾಯಿ ಮಾಡಸಾಕ, ಸೋರಿದ್ರ ಬೆಸಿಗಿ ಹಾಕಸಾಕ ಆ ಕಡೆನ ಕಳಸತಿದ್ರು.

ನಮ್ಮ ಮಾವನೋರು ರೇಲ್ವೆ ವರ್ಕ್‌ಶಾಪಿನ್ಯಾಗ ಇದ್ದೋರು. ಹುಬ್ಬಳ್ಳಿಗೆ 1880ರ ದಶಕದಾಗ ಸದರ್ನ್ ಮರಾಠಾ ರೇಲ್ವೆಯವರು ಬಂದು ವರ್ಕ್‌ಶಾಪ್ ಹಾಕಿದ ಮ್ಯಾಲ ಊರ ಬದಲ ಆತು. ಮಾವನೋರು ನಗಚಾಟಕಿ ಮಾಡತಿದ್ರು. "ನಿಮ್ಮ ಬಂಬ್ ಅಂದ್ರ ಓಡಲಾರದ ಇಂಜಿನ್ ನೋಡ್ರಿ" ಅಂತ. ಮಾತು ಖರೆ ಇತ್ತು. ಉಗಿಬಂಡಿ ಬಾಯ್ಲರಿನ್ಯಾಗೂ ನೀರಿನ ನಡುವ ಕೊಳವಿ, ಕೊಳವಿಯೊಳಗ ಬೆಂಕಿ ಶಾಖ ಹಾಯತೈತಿ. ಅದು ಮುಚ್ಚಿದ್ದು, ಉಗಿ ಒತ್ತಡ ಹಿಡಿತೈತಿ. ನಮ್ಮದು ಬಾಯಿ ತೆರದದ್ದು. ಇಂಜಿನ್ ಉದರಸಿದ ಅರ್ಧಮರ್ಧ ಸುಟ್ಟ ಕಲ್ಲಿದ್ದಲಿನ ಹೆಣ್ಣಮಕ್ಕಳು ಆರಿಸಿ ಬುಟ್ಟಿ ತುಂಬಿ ಓಣಿಗೆ ಮಾರಾಕ ತರತಿದ್ರು, ನಮ್ಮ ಬಂಬಿಗೆ ಅದ ಉರುವಲಾ. ಹಂಗಾಗಿ ಮುಂಬಯಿ ಮೇಲ್ ಎಳದ ಬೆಂಕಿದಾಗ ನಮ್ಮ ಮನಿ ಜಳಕ ಆಗತಿತ್ತು ಅಂತ ನಮ್ಮ ಅತ್ತಿಯಾರು ಅಂತಿದ್ರು.

ಮುಂದ ಉಗಿಬಂಡಿ ಹೋದ್ವು, ಆ ಇದ್ದಲಿನೂ ಹೋತು. ಒಂದಷ್ಟು ವರ್ಷ ಹೊಟ್ಟಿನ ಒಲಿ ಮಾಡಿದ್ವಿ. ಹಳೇ ಡಬ್ಬಿ ನಡುವ ಬಾಟಲಿ ನಿಂದ್ರಿಸಿ, ಸುತ್ತಲೂ ಕಟಗಿ ಅಡ್ಡೆದ ಹೊಟ್ಟು ಗುದ್ದಿ ಗುದ್ದಿ ತುಂಬಿ, ಬಾಟಲಿ ಜಗ್ಗಿ ತಗದ್ರ ನಡುವ ತೂತು. ಅದಕ್ಕ ಬೆಂಕಿ ಹಚ್ಚಿದ್ರ ತಾಸಗಟ್ಟಲೆ ನಿಧಾನಕ ಉರಿತಿತ್ತು. ಹೊಟ್ಟು ತುಂಬೂದ್ರಾಗ ನನ್ನ ಕೈಯಾಗ ಹೊಪ್ಪಳಾ.

ಆಮ್ಯಾಲ ಕರೆಂಟಿನ ಕಾಯಿಲ್ ಬಂತು. ಬಕೇಟಿನ್ಯಾಗ ಇಳಿ ಬಿಟ್ಟು ಬಟನ್ ಒತ್ತಿದ್ರ ಮುಗೀತು, ಹೊಗಿ ಇಲ್ಲ, ಬೂದಿ ಇಲ್ಲ. ನಾಕರ ಬದಲಿ ಐದಕ್ಕ ಏಳೋದು. ಆದ್ರ ಬಟನ್ ಬಂದ್ ಮಾಡೂದು ಮರತು ನೀರು ಬಿಸಿ ಆತೇನಂತ ಬೆರಳು ಅದ್ದಿ ನೋಡಿದ ಹೆಣ್ಣಮಕ್ಕಳು ನಮ್ಮ ಓಣ್ಯಾಗ ಎಷ್ಟ ಮಂದಿ! ನನಗೂ ಒಮ್ಮೆ ಜುಂ ಅಂತ ಹೊಡದು ಗ್ವಾಡಿಗೆ ಹೋಗಿ ಬಿದ್ದಿದ್ದೆ. ತಗಡಿನ ಬಕೇಟ್ ಇತ್ತು, ಕಾಲಾಗ ಚಪ್ಪಲಿ ಇರಲಿಲ್ಲ. ಇವತ್ತಿಗೂ ಕಾಯಿಲ್ ಬಳಸೋರಿಗೆ ನನ್ನ ಮಾತು ಒಂದ. ಪ್ಲಗ್ ಕಿತ್ತು ಕೈಯಾಗ ಹಿಡದ ಮ್ಯಾಲ ನೀರು ಮುಟ್ಟರಿ. ಪ್ಲಾಸ್ಟಿಕ್ ಬಕೇಟ್ ಇರಲಿ, ಕಾಯಿಲ್ ಬಕೇಟಿನ ಅಂಚಿಗೆ ತಾಗದಂಗ ಕಟಗಿ ಮ್ಯಾಲ ತೂಗ ಹಾಕ್ರಿ.

ಈಗ ಹೇಳೋದು ಹೇಳಾಕ ಮನಸ ಬರವಲ್ದು, ಆದ್ರ ಇದನ್ನ ಬರಿಯಾಕಂತನ ಇಷ್ಟೆಲ್ಲಾ ಶುರು ಮಾಡೇನಿ.

ಕರೆಂಟ್ ತಾಸಗಟ್ಟಲೆ ಹೋಗಾಕ ಹತ್ತಿತ್ತು ಅಂತ 2011ರಾಗ ಗ್ಯಾಸ್ ಗೀಸರ್ ಹಾಕಿಸಿದ್ವಿ. ನಳ ತಿರುವಿದ ಕೂಡ್ಲೆ ಬಿಸಿನೀರು. ಅಷ್ಟೊತ್ತಿಗೆ ಹಳೇ ಬಚ್ಚಲ ಒಡದು, ಟೈಲ್ಸ್ ಹಾಕಿ, ಸಣ್ಣ ಬಾತ್‌ರೂಮ್ ಮಾಡಿಸಿದ್ವಿ. ಹೊಗಿ ಇಲ್ಲಲ್ಲಾ, ಗವಾಕ್ಷಿ ಯಾಕ ಅಂತ ಮುಚ್ಚಿಸಿದ್ವಿ. ಒಂದ ಸಣ್ಣ ಕಿಡಕಿ ಇತ್ತು. ಶ್ರಾವಣದ ಒಂದ ಮುಂಜಾನಿ, ಹೊರಗ ಮಳಿ, ಚಳಿ ಬರತೈತಿ ಅಂತ ಯಾರೋ ಆ ಕಿಡಕಿನೂ ಹಾಕಿದ್ರು. ಒಬ್ಬರ ಹಿಂದ ಒಬ್ಬರು ಐದ ಮಂದಿ ಜಳಕಾ ಮಾಡಿದ್ವಿ. ಐದನೇದಾಕಿ ನಾನು. ತಲಿ ಸ್ವಲ್ಪ ಜಡ ಅನಿಸ್ತು, ಉಪವಾಸ ಇದ್ದೆ, ಅದಕ್ಕ ಇರಬೇಕು ಅಂದ್ಕೊಂಡೆ. ಕಡೀಕ ನನ್ನ ನೆಗೆಣ್ಣಿ ಹೋದ್ಲು. ಸಣ್ಣ ಸೊಸಿ, ಆಕೀ ಪಾಳಿ ಯಾವಾಗಲೂ ಕಡೀಕ.

ಇಪ್ಪತ್ತ ಮಿನಿಟ್ ಆತು, ನೀರಿನ ಸಪ್ಪಳ ನಿಂದ್ರವಲ್ದು. ಕರದ್ರ ಓಗೊಡಲಿಲ್ಲ. ನಮ್ಮ ಮನಿಯವರು, ಮೈದುನಾ ಕೂಡಿ ಬಾಗಲಾ ಮುರದ್ರು. ಆಕಿ ನೆಲದ ಮ್ಯಾಲ ಬಿದ್ದಿದ್ಲು. ಹೊರಗ ಅಂಗಳಕ್ಕ ತಂದು ಮಳ್ಯಾಗ ಮಲಗಿಸಿದ್ವಿ, ಗಾಳಿ ಹತ್ತಲಿ ಅಂತ. ದವಾಖಾನಿಗೆ ಒಯ್ದು ಆಕ್ಸಿಜನ್ ಕೊಡಿಸಿದ ಮ್ಯಾಲ ಕಣ್ಣ ತಗದ್ಲು. ಡಾಕ್ಟರು, ಇನ್ನ ಸ್ವಲ್ಪ ಹೊತ್ತ ತಡಾ ಆಗಿದ್ರ ಕೈಯಾಗ ಸಿಗತಿರಲಿಲ್ಲ ಅಂದ್ರು.

ಆವಾಗ ತಿಳೀತು. ಗ್ಯಾಸ್ ಉರಿಯಾಕ ಗಾಳಿ ಬೇಕು. ಮುಚ್ಚಿದ ಖೋಲಿಯೊಳಗ ಗಾಳಿ ಕಡಿಮಿ ಆದಂಗ ಅರ್ಧಮರ್ಧ ಉರದು ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗಾಳಿ ಹುಟ್ಟತೈತಿ. ಅದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ. ರಕ್ತದಾಗ ಆಕ್ಸಿಜನ್ ಕುಂಡ್ರೋ ಜಾಗಾಕ್ಕ ಅದು ಹೋಗಿ ಕುಂಡ್ರತೈತಿ, ಆಕ್ಸಿಜನ್‌ಗಿಂತ 200 ಪಟ್ಟು ಗಟ್ಟಿಯಾಗಿ. ಐದ ಮಂದಿ ಜಳಕಾ ಮಾಡೂದ್ರಾಗ ಕೂಡಿದ ವಿಷ ಆರನೇದಾಕಿಗೆ ಮುಟ್ಟಿತು. ಶೇಗಡಿ ಕೆಂಡದಾಗ ಹುಟ್ಟತಿದ್ದದ್ದೂ ಇದ ಗಾಳಿ. ಒಂದ ಗೇಣು ಬಾಗಲಾ ತೆರದಿಡ್ರಿ ಅಂತ ನಮ್ಮ ಆಯಿ ಹೇಳತಿದ್ದದ್ದು ನನಗ ದವಾಖಾನಿ ಬೆಂಚಿನ ಮ್ಯಾಲ ಕುಂತಾಗ ನೆನಪಾತು. ನಮ್ಮವ್ವಗ ಕಡೀಕ ತಣ್ಣೀರು ಉಳಿತಿತ್ತು. ಈಕಿಗೆ ಕಡೀಕ ಉಳದದ್ದು ಆ ಗಾಳಿ. ಪಾಳಿ ಹಚ್ಚಿದಾಕಿ ನಾನ, ಹಿರೇ ಸೊಸಿ.

ಅದಕ್ಕ ಕೈ ಮುಗದು ಹೇಳತೇನಿ, ಮನ್ಯಾಗ ಗ್ಯಾಸ್ ಗೀಸರ್ ಇದ್ರ ಗೀಸರ್, ಸಿಲಿಂಡರ್ ಎರಡೂ ಬಾತ್‌ರೂಮಿನ ಹೊರಗ, ಗಾಳಿ ಆಡೋ ಕಡೆ ಇಡಸ್ರಿ. ಬಿಸಿನೀರು ಪೈಪಿನ್ಯಾಗ ಒಳಗ ಬರಲಿ. ಕಿಡಕಿ, ಗವಾಕ್ಷಿ ಎಂದೂ ಮುಚ್ಚಬ್ಯಾಡ್ರಿ. ತಲಿ ಜಡ ಆದ್ರ, ಹೊಟ್ಟಿ ತೊಳಸಿದಂಗ ಆದ್ರ ಉಪವಾಸ ಅನ್ನಬ್ಯಾಡ್ರಿ, ಬಂದ್ ಮಾಡಿ ಹೊರಗ ಬರ್ರಿ. ಒಳಗ ಹೋದವರು ಹತ್ತ ಮಿನಿಟ್ಟಿಗೆ ಬರದಿದ್ರ ಕೂಗಿ ಮಾತಾಡಸ್ರಿ.

ಆ ಗೀಸರ್ ಅವತ್ತ ಕಿತ್ತಿಸಿದ್ವಿ. 2013ರಾಗ ಮಾಳಗಿ ಮ್ಯಾಲ ಸೋಲಾರ್ ಕೂಡಿಸಿದ್ವಿ, 200 ಲೀಟರಿನದು. ದಕ್ಷಿಣಕ್ಕ ಮುಖ ಮಾಡಿದ ನಾಕ ಚದರ ಮೀಟರಿನ ಕಪ್ಪು ಹಲಗಿ, ಮ್ಯಾಲ ಟಾಕಿ. ಇದಕ್ಕ ಪಂಪು ಬೇಕಾಗಿಲ್ಲ. ಬಿಸಿ ಆದ ನೀರು ಹಗರ, ಅದು ತಾನ ಮ್ಯಾಲ ಏರಿ ಟಾಕಿಗೆ ಹೋಗತೈತಿ, ತಣ್ಣಂದು ಕೆಳಗ ಇಳದು ಹಲಗಿಗೆ ಬರತೈತಿ. ಸೂರ್ಯ ಇರೋ ತನಕ ಸುತ್ತಕೋತನ ಇರತೈತಿ. ಸೋಲಾರ್ ಇದ್ದೋರಿಗೆ ಕರೆಂಟ್ ಬಿಲ್ಲಿನ್ಯಾಗ ಯುನಿಟ್ಟಿಗೆ 50 ಪೈಸಾದಂಗ, ತಿಂಗಳಿಗೆ ಹೆಚ್ಚಂದ್ರ 50 ರೂಪಾಯಿ ರಿಯಾಯತಿನೂ ಸಿಕ್ಕೈತಿ. ಕೊರತಿ ಎರಡು. ನಮ್ಮ ಮಳಿಗಾಲದಾಗ ಎಂಟ ಎಂಟ ದಿನ ಸೂರ್ಯ ಕಾಣಂಗಿಲ್ಲ, ಆವಾಗ ಒಳಗಿನ ಕರೆಂಟ್ ಕಾಯಿಲ್ ಹಚ್ಚಬೇಕು. ಇನ್ನೊಂದು, ಸೋಲಾರಿಗೆ ಮ್ಯಾಲಿನ ಟಾಕಿಯೊಳಗ ಯಾವಾಗಲೂ ನೀರಿರಬೇಕು. ಸವದತ್ತಿಯಿಂದ ಬರೋ ಮಲಪ್ರಭಾ ನೀರಿಗೆ ವಾರಗಟ್ಟಲೆ ದಾರಿ ಕಾಯೋ ಓಣಿಯವರಿಗೆ ಇದರ ತ್ರಾಸ ಗೊತ್ತೈತಿ. ಬೋರಿನ ಸವಳ ನೀರು ಬಿಟ್ರ ಪೈಪಿನ್ಯಾಗ ಸುಣ್ಣ ಕಟ್ಟತೈತಿ.

ಮೂರನೇ ಮನಿ ಮಗಳದು, ಜರ್ಮನಿಯೊಳಗ. ನಮ್ಮ ಕಡೆ ಅಲ್ಯೂಮಿನಿಯಂ ಭಾಂಡೆಕ್ಕ ಜರ್ಮನ್ ಅಂತೇವಿ, ಅಷ್ಟ ನನಗ ಗೊತ್ತಿದ್ದ ಜರ್ಮನಿ. 2019ರ ಡಿಸೆಂಬರದಾಗ ಹೋಗಿದ್ದೆ. ಹೊರಗ ಬರ್ಫ, ಒಳಗ ತೆಳ್ಳಗಿನ ಸೀರಿ ಉಟಗೊಂಡು ಓಡಾಡಬಹುದು. ಪ್ರತಿ ಖೋಲಿಯೊಳಗ ಕಿಡಕಿ ಕೆಳಗ ಬಿಳಿ ಬಣ್ಣದ ಉಕ್ಕಿನ ಹಲಗಿ. ಮುಟ್ಟಿದ್ರ ಬೆಚ್ಚಗ. "ಇದರಾಗ ಏನ ಉರಿತೈತೆ?" ಅಂದೆ. "ಏನೂ ಉರಿಯೂದಿಲ್ಲವ್ವ, ಬರೇ ಬಿಸಿನೀರು ಓಡಾಡತೈತಿ. ಕೆಳಗ ನೆಲಮಾಳಗಿಯೊಳಗ ಬಾಯ್ಲರ್ ಐತಿ, ಅಲ್ಲಿಂದ ಎಲ್ಲಾ ಮನಿಗೆ ಹೋಗಿ, ತಣ್ಣಗಾಗಿ ವಾಪಸ್ ಬರತೈತಿ" ಅಂದ್ಲು ಮಗಳು. ನಾ ಆ ಹಲಗಿಗೆ ಬೆನ್ನ ಹಚ್ಚಿ ನೆಲದ ಮ್ಯಾಲ ಕುಂತೆ. ಆಯಿ ಗ್ವಾಡಿ ನೆನಪಾತು.

ಆ ರಜಾದಾಗ ಅಕಿ ಓದಿ ಓದಿ ಹೇಳಿದ್ದು ಕೇಳ್ರಿ. ಬಿಸಿನೀರು ಕೊಳವಿಯೊಳಗ ತಿರುಗಿಸಿ ಬೆಚ್ಚಗ ಮಾಡೋ ಯುಕ್ತಿನ ಫ್ರಾನ್ಸಿನ ಬೊನ್ನೆಮೇನ್ ಅನ್ನಾಂವ 1777ರ ಸುಮಾರಿಗೆ ಮಾಡಿದ್ದು ಮನಷ್ಯಾರಿಗಲ್ಲ, ಕೋಳಿ ತತ್ತಿ ಮರಿ ಮಾಡಸಾಕ! ಮನಿಗೆ ಬಂದದ್ದು ಆಮ್ಯಾಲ. ಇನ್ನ ಗೀಸರ್ ಅನ್ನೋ ಶಬ್ದ ಐಸ್‌ಲ್ಯಾಂಡದ್ದು. ಅಲ್ಲೆ ನೆಲದಾಗಿಂದ ಬಿಸಿನೀರು ಚಿಮ್ಮೋ ಒಂದ ಬುಗ್ಗಿ ಹೆಸರು ಗೇಯ್ಸಿರ್. 1868ರಾಗ ಲಂಡನ್ನಿನ ಮಾಘನ್ ಅನ್ನಾಂವ ಗ್ಯಾಸಿಲೆ ನೀರು ಕಾಸೋ ಯಂತ್ರ ಮಾಡಿ ಅದಕ್ಕ ಆ ಹೆಸರ ಇಟ್ಟ. ಆ ಮೊದಲನೇ ಗೀಸರಿಗೆ ಹೊಲಸ ಗಾಳಿ ಹೊರಗ ಹೋಗಾಕ ಕೊಳವಿನ ಇರಲಿಲ್ಲ ಅಂತ. ಅಂದ್ರ ನಮ್ಮ ಮನ್ಯಾಗ ಆದ ತಪ್ಪು ಆವಾಗಿಂದನೂ ಐತಿ.

ಐಸ್‌ಲ್ಯಾಂಡದ ಇನ್ನೊಂದು ಮಾತು ನನ್ನ ಮನಸಿನ್ಯಾಗ ಕುಂತೈತಿ. ರೇಕ್ಯಾವಿಕ್ ಊರಿನಿಂದ ಸುಮಾರು ಮೂರ ಕಿಲೋಮೀಟರ್ ದೂರ ಬಿಸಿನೀರಿನ ಬುಗ್ಗಿ ಇದ್ವು. ಊರ ಹೆಣ್ಣಮಕ್ಕಳು ಮೈಲಿಗಿ ಅರಿವಿ ಗಂಟು ಹೊತ್ತು, ಬರ್ಫದಾಗೂ ಅಲ್ಲಿಗೆ ನಡದು ಹೋಗಿ ತೊಳಕೊಂಡು ಬರತಿದ್ರು. ಅವರು ನಡಿಯಾಕಂತ 1885ರಾಗ ದಾರಿ ಮಾಡಾಕ ಹತ್ತಿದ್ರು. ಆ ದಾರಿ ಇವತ್ತ ಊರಾಗಿನ ದೊಡ್ಡ ಪ್ಯಾಟಿ ರಸ್ತಾ, ಹೆಸರು ಲೌಗವೇಗುರ್, ಅಂದ್ರ ಬುಗ್ಗಿಗೆ ಹೋಗೋ ದಾರಿ. 1930ರಾಗ ಅದ ಬುಗ್ಗಿ ನೀರನ್ನ ಪೈಪಿನ್ಯಾಗ ಊರಿಗೆ ತಂದು ಒಂದ ಸಾಲಿ, ದವಾಖಾನಿ, ಸುಮಾರು 60 ಮನಿ ಬೆಚ್ಚಗ ಮಾಡಿದ್ರು. ಇವತ್ತ ಆ ದೇಶದ ಹತ್ತರಾಗ ಒಂಬತ್ತ ಮನಿ ಹಿಂಗ ಭೂಮಿ ಬಿಸಿನೀರಿನಿಂದನ ಬೆಚ್ಚಗ ಅದಾವ. ಹೆಣ್ಣಮಕ್ಕಳು ನಡದ ದಾರಿಗೆ ಆ ಊರಾಗ ಹೆಸರರ ಉಳದೈತಿ.

ಈಗ ಮತ್ತ ಅಟ್ಟದ ಸಾಮಾನಿಗೆ ಬರತೇನಿ. ನಿನ್ನಿ ನೆಗೆಣ್ಣಿನ ಕೂಡಿಸಿಕೊಂಡು ಇದನ್ನೆಲ್ಲಾ ಓದಿ ತೋರಿಸಿದೆ. ದವಾಖಾನಿ ಮಾತು ಬಂದಾಗ ಸುಮ್ಮನ ಇದ್ಲು. ಆಮ್ಯಾಲ, "ಪಾಳಿ ಮಾತು ನೀವು ಈಗರ ಅಂದ್ರಲ್ರಿ ಅಕ್ಕಾರ" ಅಂದ್ಲು. ಇಷ್ಟ ವರ್ಷ ಆಕಿ ಮನಸಿನ್ಯಾಗ ಇತ್ತು ಅನ್ನೂದು ನನಗ ಆವಾಗ ತಿಳೀತು. ಇಬ್ಬರೂ ಸ್ವಲ್ಪ ಅತ್ವಿ.

ಬಂಬ್ ಕೊಡೂದು ಅಂತ ಮಾತಾತು. ತಳ ತೂತ ಬಿದ್ದೈತಿ, ಈಗ ಬೆಸಿಗಿ ಹಾಕೋರಿಲ್ಲ. ಹಂಡೆ ಇರಲಿ ಅಂದ್ಲು ಆಕಿನ. ಈ ಸಲ ನೀರು ತುಂಬೋ ಹಬ್ಬಕ್ಕ ಅದನ್ನ ತಿಕ್ಕಿ, ಬಳ್ಳಿ ಸುತ್ತಿ, ಅಂಗಳದಾಗ ಮೂರ ಕಲ್ಲ ಹೂಡಿ ಕೂಡಸತೇವಿ. ಬೆಂಕಿ ಹಚ್ಚೋರು ಗಂಡಸರು, ಇದನ್ನ ನಮ್ಮ ಮನಿಯವರು, ಮೈದುನಾ ಇಬ್ಬರೂ ಒಪ್ಪಿಕೊಂಡಾರ. ಕಟಗಿ ಹಸಿ ಇರಲಿ ಅಂತ ನಾವಿಬ್ಬರೂ ಬೇಡಕೊಂಡೇವಿ! ಮೊದಲನೇ ಎರಡ ತಂಬಗಿ ಸುಡು ನೀರು ಆಕಿ ತಲಿ ಮ್ಯಾಲ ನಾನ ಹಾಕತೇನಿ. ಆಮ್ಯಾಲ ನಂದು. ಉಳದವರು ಪಾಳಿ ಹಚ್ಚಲಿ.

ನೀವೂ ಇವತ್ತ ಎರಡ ಕೆಲಸಾ ಮಾಡ್ರಿ. ಬಾತ್‌ರೂಮಿನ ಕಿಡಕಿ ತೆರದೈತೇನು ನೋಡ್ರಿ. ಮತ್ತ ನಿಮ್ಮ ಮನ್ಯಾಗ ಕಡೀಕ ಜಳಕಾ ಮಾಡೋರು ಯಾರು ಅಂತ ಒಮ್ಮೆ ನೆನಸಿಕೊಳ್ರಿ.